ಐವತ್ತೈದು ವರ್ಷ ಕಾದ ಸಂಶೋಧನೆ
ಪೇಟನ್ ರೌಸ್: ಬದುಕು ಮತ್ತು ಸಾಧನೆ

ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಇಂದಿಗೂ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಆದರೆ ಈ ಕಾಯಿಲೆಯ ಬಗ್ಗೆ ವೈದ್ಯರು ಈಗ ಕೇಳುವ ಪ್ರಶ್ನೆಗಳು ಹಿಂದಿನ ಕಾಲದ ಪ್ರಶ್ನೆಗಳಲ್ಲ. ಮಹಿಳೆಯೊಬ್ಬಳ ಸ್ತನದ ಗಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದಾಗ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನೋಡುವುದಷ್ಟೇ ಅಲ್ಲ, ಆ ಜೀವಕೋಶಗಳಲ್ಲಿ ಯಾವ ಯಾವ ರಿಸೆಪ್ಟರ್‌ಗಳಿವೆ, ಅಂದರೆ ಹೊರಗಿನ ಸಂದೇಶವನ್ನು ಹಿಡಿದುಕೊಳ್ಳುವ ಯಾವ ಗ್ರಾಹಿಗಳಿವೆ ಎಂಬುದನ್ನೂ ನೋಡುತ್ತಾರೆ. ಅದರ ಉತ್ತರದ ಮೇಲೆ ಔಷಧ ನಿರ್ಧಾರವಾಗುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲೂ ಇಂಥದ್ದೇ ಪರೀಕ್ಷೆಗಳು ನಡೆಯುತ್ತವೆ.

ಜೀವಕೋಶಕ್ಕೆ ಬೆಳೆಯುವಂತೆ ಹೇಳುವ ಈ ಗ್ರಾಹಿಗಳು ಕೆಟ್ಟರೆ ಕ್ಯಾನ್ಸರ್ ಹುಟ್ಟಬಹುದೆಂಬ ಅರಿವು ಒಂದೇ ದಿನದಲ್ಲಿ ಬಂದದ್ದಲ್ಲ. ಅದರ ಹಾದಿಯನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು 1909ರ ನ್ಯೂಯಾರ್ಕ್ ನಗರದ ಒಂದು ಪ್ರಯೋಗಾಲಯವನ್ನು ತಲುಪುತ್ತೇವೆ. ಅಲ್ಲಿ ಮೂವತ್ತು ವರ್ಷದ ಒಬ್ಬ ತರುಣ ಸಂಶೋಧಕ, ಅವರ ಮುಂದೆ ಎದೆಯ ಮೇಲೆ ಗಡ್ಡೆ ಎದ್ದಿದ್ದ ಒಂದು ಹೇಂಟೆ. ಆ ಸಂಶೋಧಕರ ಹೆಸರು ಪೇಟನ್ ರೌಸ್. ಅವರು ಆಗ ಕಂಡುಕೊಂಡದ್ದನ್ನು ಜಗತ್ತು ಪೂರ್ತಿಯಾಗಿ ಒಪ್ಪಿ ಗೌರವಿಸಲು ಐವತ್ತೈದು ವರ್ಷಗಳು ಬೇಕಾದವು.

ತಾಯಿಯ ನಿರ್ಧಾರ

ಫ್ರಾನ್ಸಿಸ್ ಪೇಟನ್ ರೌಸ್ ಅವರು 1879ರ ಅಕ್ಟೋಬರ್ 5ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ರೌಸ್ ಧಾನ್ಯ ರಫ್ತಿನ ವ್ಯಾಪಾರದಲ್ಲಿದ್ದರು. ಪೇಟನ್ ಹನ್ನೊಂದು ವರ್ಷದ ಬಾಲಕನಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಫ್ರಾನ್ಸಿಸ್ ವುಡ್ ಅವರ ತವರಿನ ಕಡೆಯವರು ದೂರದ ಟೆಕ್ಸಾಸ್‌ನಲ್ಲಿದ್ದರು. ಚಿಕ್ಕ ಚಿಕ್ಕ ಮೂವರು ಮಕ್ಕಳೊಂದಿಗೆ ಒಬ್ಬಂಟಿಯಾದ ಆ ತಾಯಿ ತವರಿಗೆ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಬಾಲ್ಟಿಮೋರ್‌ನಲ್ಲಿ ಒಳ್ಳೆಯ ಶಾಲೆಗಳಿದ್ದವು, ಹೊಸದಾಗಿ ಹೆಸರು ಮಾಡುತ್ತಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವಿತ್ತು. ಮಕ್ಕಳ ಓದು ಕೆಡಬಾರದೆಂದು ಅವರು ಅಲ್ಲಿಯೇ ಉಳಿದು, ಇದ್ದುದರಲ್ಲಿ ಸಂಸಾರ ತೂಗಿಸಿದರು. ಮುಂದಿನದೆಲ್ಲ ಈ ಒಂದು ನಿರ್ಧಾರದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಬಾಲಕ ಪೇಟನ್‌ಗೆ ಕಾಡುಹೂಗಳ ಮೇಲೆ ವಿಪರೀತ ಆಸಕ್ತಿ. ಹದಿನೆಂಟರ ಹೊತ್ತಿಗೆ ಅವರು ಬಾಲ್ಟಿಮೋರ್‌ನ ದಿನಪತ್ರಿಕೆಯೊಂದಕ್ಕೆ ಆಯಾ ತಿಂಗಳಲ್ಲಿ ಅರಳುವ ಹೂಗಳ ಬಗ್ಗೆ ಬರೆಯುತ್ತಿದ್ದರು. ಪ್ರಕೃತಿಯನ್ನು ಹತ್ತಿರದಿಂದ ನೋಡಿ, ಕಂಡದ್ದನ್ನು ನಿಖರವಾಗಿ ಬರೆದಿಡುವ ಅಭ್ಯಾಸ ಅಲ್ಲಿಯೇ ಬೇರೂರಿತು. 1900ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪದವಿ ಪಡೆದು, ಅಲ್ಲಿಯದೇ ವೈದ್ಯಕೀಯ ಕಾಲೇಜಿಗೆ ಸೇರಿದರು.

ಬೆರಳಿನ ಒಂದು ಗೀರು

ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಒಂದು ಅವಘಡ ನಡೆಯಿತು. ಕ್ಷಯರೋಗದಿಂದ ಸತ್ತವರೊಬ್ಬರ ಶವಪರೀಕ್ಷೆ ಮಾಡುವಾಗ ಮೂಳೆ ತಗುಲಿ ಅವರ ಬೆರಳು ಗೀಚಿತು. ಆ ಗಾಯದ ಮೂಲಕ ರೋಗಾಣು ದೇಹ ಸೇರಿ ಕಂಕುಳಿನ ಗ್ರಂಥಿಗಳಲ್ಲಿ ಕ್ಷಯ ಕಾಣಿಸಿಕೊಂಡಿತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ನಾಲ್ಕು ದಶಕಗಳಿದ್ದವು. ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಗಳನ್ನು ತೆಗೆದ ವೈದ್ಯರು, ಓದು ಬಿಟ್ಟು ಬಯಲಿನ ಗಾಳಿಯಲ್ಲಿ ಇರುವಂತೆ ಸಲಹೆ ನೀಡಿದರು.

ರೌಸ್ ಟೆಕ್ಸಾಸ್‌ಗೆ ಹೋಗಿ ಕ್ವಾನಾ ಎಂಬ ಊರಿನ ಬಳಿ ದನಗಳನ್ನು ಸಾಕುವ ದೊಡ್ಡ ಜಮೀನೊಂದರಲ್ಲಿ ಕೆಲಸಕ್ಕೆ ಸೇರಿದರು. ಕುದುರೆಯ ಮೇಲೆ ಕುಳಿತು ದನಗಳ ಹಿಂಡು ಅಟ್ಟುವುದು, ಕೂಲಿಯವರ ಜೊತೆ ಉಣ್ಣುವುದು, ರಾತ್ರಿ ಬಯಲಿನಲ್ಲೇ ಮಲಗುವುದು ಇವು ಅವರ ದಿನಚರಿಯಾದವು. ಸಹಪಾಠಿಗಳು ಮುಂದೆ ಸಾಗಿದಾಗ ಒಂದು ವರ್ಷ ಹಿಂದೆ ಬೀಳುವುದು ಯಾವ ವಿದ್ಯಾರ್ಥಿಗೂ ಸುಲಭವಲ್ಲ. ಆದರೆ ಆ ವರ್ಷ ತಮ್ಮ ಬದುಕಿನ ಅಮೂಲ್ಯ ಕಾಲವಾಗಿತ್ತೆಂದು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಆರೋಗ್ಯ ಮರಳಿದ ಮೇಲೆ ಕಾಲೇಜಿಗೆ ಹಿಂತಿರುಗಿ 1905ರಲ್ಲಿ ವೈದ್ಯ ಪದವಿ ಪಡೆದರು.

ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದ ನಂತರ, ರೋಗಿಗಳನ್ನು ನೋಡುವ ವೈದ್ಯನಾಗುವ ಗುಣ ತಮ್ಮಲ್ಲಿಲ್ಲ ಎಂಬ ತೀರ್ಮಾನಕ್ಕೆ ರೌಸ್ ಬಂದರು. ರೋಗದ ಬುಡವನ್ನು ಹುಡುಕುವ ಕೆಲಸ ಅವರನ್ನು ಕರೆಯುತ್ತಿತ್ತು. ಕಡಿಮೆ ಸಂಬಳವಾದರೂ ಚಿಂತೆಯಿಲ್ಲವೆಂದು ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರ ವಿಭಾಗ ಸೇರಿದರು. ಅಲ್ಲಿನ ಮುಖ್ಯಸ್ಥ ಆಲ್ಫ್ರೆಡ್ ವಾರ್ಥಿನ್ ಅವರ ಪ್ರೋತ್ಸಾಹದಿಂದ ಜರ್ಮನ್ ಭಾಷೆ ಕಲಿತು, ಡ್ರೆಸ್ಡನ್ ನಗರಕ್ಕೆ ಹೋಗಿ ಕೆಲಕಾಲ ಅಧ್ಯಯನ ಮಾಡಿಬಂದರು. 1909ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ನಿರ್ದೇಶಕ ಸೈಮನ್ ಫ್ಲೆಕ್ಸ್‌ನರ್ ಅವರು ಕ್ಯಾನ್ಸರ್ ಪ್ರಯೋಗಾಲಯದ ಹೊಣೆಯನ್ನು ರೌಸ್ ಅವರಿಗೆ ವಹಿಸಿದರು.

ಎದೆಯಲ್ಲಿ ಗಡ್ಡೆಯಿದ್ದ ಹೇಂಟೆ

ಅದೇ ವರ್ಷ ಕೋಳಿ ಸಾಕುವವರೊಬ್ಬರು ಪ್ಲಿಮತ್ ರಾಕ್ ಎಂಬ ತಳಿಯ ಒಂದು ಹೇಂಟೆಯನ್ನು ರೌಸ್ ಅವರ ಬಳಿಗೆ ತಂದರು. ಅದರ ಎದೆಯ ಬಲಭಾಗದಲ್ಲಿ ದೊಡ್ಡ ಗಡ್ಡೆ ಎದ್ದಿತ್ತು. ಪರೀಕ್ಷಿಸಿದಾಗ ಅದು ಸಾರ್ಕೋಮಾ, ಅಂದರೆ ಸ್ನಾಯು, ಮೂಳೆ ಮುಂತಾದ ಆಧಾರ ಅಂಗಾಂಶಗಳಲ್ಲಿ ಹುಟ್ಟುವ ಬಗೆಯ ಕ್ಯಾನ್ಸರ್ ಎಂದು ತಿಳಿಯಿತು.

ರೌಸ್ ಮೊದಲು ಗಡ್ಡೆಯ ತುಂಡುಗಳನ್ನು ಅದೇ ತಳಿಯ ಬೇರೆ ಕೋಳಿಗಳಿಗೆ ಸೇರಿಸಿ ನೋಡಿದರು. ಹತ್ತಿರದ ಸಂಬಂಧವಿದ್ದ ಕೋಳಿಗಳಲ್ಲಿ ಅದು ಬೆಳೆಯಿತು. ಇಷ್ಟರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಜೀವಂತ ಕ್ಯಾನ್ಸರ್ ಕೋಶಗಳು ಹೊಸ ಜಾಗದಲ್ಲಿ ಬೇರೂರಿದವು ಎನ್ನಬಹುದಾಗಿತ್ತು. ಅವರು ಮುಂದಿಟ್ಟ ಹೆಜ್ಜೆ ದಿಟ್ಟತನದ್ದು. ಗಡ್ಡೆಯನ್ನು ಮರಳಿನೊಂದಿಗೆ ನುಣ್ಣಗೆ ಅರೆದು, ದ್ರಾವಣದಲ್ಲಿ ಕಲಸಿ, ಅತ್ಯಂತ ಸೂಕ್ಷ್ಮ ರಂಧ್ರಗಳ ಸೋಸಕದಲ್ಲಿ ಸೋಸಿದರು. ಆ ಸೋಸಕದಲ್ಲಿ ಜೀವಕೋಶವಿರಲಿ, ಬ್ಯಾಕ್ಟೀರಿಯಾ ಕೂಡ ದಾಟುವಂತಿರಲಿಲ್ಲ. ಅದನ್ನು ಖಚಿತಪಡಿಸಿಕೊಳ್ಳಲು ಬ್ಯಾಕ್ಟೀರಿಯಾಗಳನ್ನೇ ಹಾಕಿ ಸೋಸಕವನ್ನು ಪರೀಕ್ಷಿಸಿದ್ದರು. ಹೀಗೆ ಸೋಸಿ ಬಂದ ತಿಳಿದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದರು. ಕೆಲವು ವಾರಗಳಲ್ಲಿ ಅವುಗಳಲ್ಲಿಯೂ ಅದೇ ಬಗೆಯ ಗಡ್ಡೆ ಕಾಣಿಸಿಕೊಂಡಿತು!

ಇದರ ಅರ್ಥ ಸ್ಪಷ್ಟವಾಗಿತ್ತು. ಕ್ಯಾನ್ಸರನ್ನು ಒಂದು ಕೋಳಿಯಿಂದ ಇನ್ನೊಂದಕ್ಕೆ ಸಾಗಿಸಿದ್ದು ಜೀವಕೋಶವಲ್ಲ, ಬ್ಯಾಕ್ಟೀರಿಯಾಕ್ಕಿಂತಲೂ ಚಿಕ್ಕದಾದ ಬೇರಾವುದೋ ವಸ್ತು. ಇಂದು ಅದನ್ನು ನಾವು ವೈರಸ್ ಎನ್ನುತ್ತೇವೆ, ಅದಕ್ಕೆ ರೌಸ್ ಸಾರ್ಕೋಮಾ ವೈರಸ್ ಎಂದೇ ಹೆಸರಾಗಿದೆ. ಆದರೆ ರೌಸ್ ಅವರು 1911ರ ತಮ್ಮ ಪ್ರಬಂಧದಲ್ಲಿ ಆ ಪದ ಬಳಸಲು ಆತುರಪಡಲಿಲ್ಲ. ಗಡ್ಡೆಯ ಕೋಶಗಳಿಂದ ಬೇರ್ಪಡಿಸಬಹುದಾದ ಒಂದು ಕಾರಕ ಎಂದಷ್ಟೇ ಎಚ್ಚರದಿಂದ ಹೇಳಿದರು.

ಇಲ್ಲಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಈ ವೈರಸ್ ಕೋಳಿಗಳದು, ಅದು ಮನುಷ್ಯರಿಗೆ ಕ್ಯಾನ್ಸರ್ ತರುವುದಿಲ್ಲ. ಕ್ಯಾನ್ಸರ್ ರೋಗಿಯನ್ನು ಮುಟ್ಟಿದರೆ, ಅವರ ಜೊತೆ ಉಂಡರೆ ರೋಗ ಅಂಟುತ್ತದೆಂಬ ಭಯಕ್ಕೂ ಆಧಾರವಿಲ್ಲ.

ಒಪ್ಪದ ಜಗತ್ತು

ಕ್ಯಾನ್ಸರ್ ಎಂದರೆ ದೇಹದ ಒಳಗಿನಿಂದಲೇ ಹುಟ್ಟುವ ದೋಷ ಎಂಬುದು ಆ ಕಾಲದ ಪಂಡಿತರ ದೃಢ ನಂಬಿಕೆ. 1908ರಲ್ಲಿ ಡೆನ್ಮಾರ್ಕ್‌ನ ಎಲ್ಲರ್‌ಮನ್ ಮತ್ತು ಬಾಂಗ್ ಎಂಬ ಇಬ್ಬರು ಕೋಳಿಗಳ ರಕ್ತದ ಕ್ಯಾನ್ಸರನ್ನು ಇದೇ ರೀತಿ ಸೋಸಿದ ದ್ರವದಿಂದ ಹರಡಿಸಿ ತೋರಿಸಿದ್ದರು. ಆದರೆ ಅದನ್ನು ಆಗ ಕ್ಯಾನ್ಸರ್ ಎಂದೇ ಪರಿಗಣಿಸುತ್ತಿರಲಿಲ್ಲವಾದ್ದರಿಂದ ಯಾರೂ ಗಮನ ಕೊಟ್ಟಿರಲಿಲ್ಲ. ರೌಸ್ ಅವರ ಗಡ್ಡೆ ಕ್ಯಾನ್ಸರ್ ಎಂಬುದನ್ನು ಅಲ್ಲಗಳೆಯುವುದು ಅಷ್ಟು ಸುಲಭವಾಗಿರಲಿಲ್ಲ. ಆದರೂ ಕೆಲವರು ಅದು ನಿಜವಾದ ಕ್ಯಾನ್ಸರ್ ಅಲ್ಲವೆಂದರು. ಕೆಲವರು ಸೋಸಕದಲ್ಲಿ ಕೋಶಗಳು ನುಸುಳಿರಬೇಕೆಂದರು. ಉಳಿದವರು ಕೋಳಿಯ ಕಥೆ ಮನುಷ್ಯನಿಗೆ ಅನ್ವಯಿಸದು ಎಂದು ತಳ್ಳಿಹಾಕಿದರು.

ರೌಸ್ ಸುಮ್ಮನೆ ಕೂರಲಿಲ್ಲ. ಜೇಮ್ಸ್ ಮರ್ಫಿ ಮುಂತಾದ ಸಹೋದ್ಯೋಗಿಗಳ ಜೊತೆ ಸೇರಿ ಬೇರೆ ಬಗೆಯ ಕೋಳಿ ಗಡ್ಡೆಗಳನ್ನು ಹುಡುಕಿ, ಅವುಗಳಲ್ಲಿ ಕೆಲವಕ್ಕೂ ಇಂಥ ಕಾರಕಗಳಿವೆಯೆಂದು ತೋರಿಸಿದರು. ಆದರೆ ಮುಖ್ಯ ಪ್ರಶ್ನೆ ಇಲಿ ಹೆಗ್ಗಣಗಳದಾಗಿತ್ತು. ಸ್ತನಿ ಪ್ರಾಣಿಗಳ ಕ್ಯಾನ್ಸರ್‌ನಲ್ಲಿ ಅಂಥ ಕಾರಕ ಸಿಕ್ಕಿದರೆ ಮಾತ್ರ ಜಗತ್ತು ಕಿವಿಗೊಡುತ್ತಿತ್ತು. ಎಷ್ಟು ಪ್ರಯತ್ನಿಸಿದರೂ ಅದು ಸಿಗಲಿಲ್ಲ. ಕೊನೆಗೆ 1915ರ ಸುಮಾರಿಗೆ ರೌಸ್ ಕ್ಯಾನ್ಸರ್ ಸಂಶೋಧನೆಯನ್ನೇ ಕೈಬಿಟ್ಟರು. ತಾವು ಕಂಡದ್ದು ಸುಳ್ಳೆಂದು ಅವರಿಗೆ ಅನಿಸಲಿಲ್ಲ. ಮುಂದಿನ ಬಾಗಿಲು ತೆರೆಯುವ ಸಾಧನ ಆಗ ಅವರ ಕೈಯಲ್ಲಿ ಇರಲಿಲ್ಲ, ಅಷ್ಟೆ.

ಯುದ್ಧಕಾಲದ ರಕ್ತ ಸಂಗ್ರಹ

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ಗಾಯಗೊಂಡ ಸೈನಿಕರು ರಕ್ತ ಸುರಿದು ಸಾಯುತ್ತಿದ್ದರು. ರಕ್ತ ಕೊಡುವವರಿದ್ದರೂ ಅದನ್ನು ಶೇಖರಿಸಿಡುವ ವಿಧಾನ ಗೊತ್ತಿರಲಿಲ್ಲ, ಹೊರತೆಗೆದ ರಕ್ತ ಬೇಗ ಹಾಳಾಗುತ್ತಿತ್ತು. ರೌಸ್ ಮತ್ತು ಅವರ ಸಹೋದ್ಯೋಗಿ ಟರ್ನರ್ ಇದನ್ನು ಕೈಗೆತ್ತಿಕೊಂಡರು. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್, ಕೆಂಪು ರಕ್ತಕಣಗಳು ಕೆಡದಂತೆ ಸಕ್ಕರೆ ಸೇರಿಸಿ ತಂಪಿನಲ್ಲಿಟ್ಟರೆ ಕೆಲವು ವಾರಗಳವರೆಗೆ ರಕ್ತಕಣಗಳನ್ನು ಕಾಪಾಡಬಹುದೆಂದು 1916ರಲ್ಲಿ ತೋರಿಸಿಕೊಟ್ಟರು.

ರೌಸ್ ಅವರ ಪ್ರಯೋಗಾಲಯದಲ್ಲಿದ್ದ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ವೈದ್ಯರು ಈ ವಿಧಾನವನ್ನು ಯುದ್ಧಭೂಮಿಗೆ ಕೊಂಡೊಯ್ದರು. 1917ರಲ್ಲಿ ಅವರು ಮುಂಚಿತವಾಗಿ ಸಂಗ್ರಹಿಸಿಟ್ಟ ರಕ್ತವನ್ನು ಗಾಯಾಳುಗಳಿಗೆ ಕೊಟ್ಟು ಜೀವ ಉಳಿಸಿದರು. ಇಂದು ಊರೂರಿನಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ, ರಕ್ತನಿಧಿಗಳಿವೆ. ಇವುಗಳ ಆರಂಭದಲ್ಲಿ ಪೇಟನ್ ರೌಸ್ ಅವರ ಕೈ ಇತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಅದೇ 1916ರಲ್ಲಿ ಟ್ರಿಪ್ಸಿನ್ ಎಂಬ ಕಿಣ್ವದಿಂದ ಅಂಗಾಂಶವನ್ನು ಬಿಡಿ ಬಿಡಿ ಜೀವಂತ ಕೋಶಗಳಾಗಿ ಬೇರ್ಪಡಿಸುವ ವಿಧಾನವನ್ನೂ ಅವರು ಜೋನ್ಸ್ ಎಂಬವರೊಂದಿಗೆ ಪ್ರಕಟಿಸಿದರು. ಜೀವಕೋಶ ಬೆಳೆಸುವ ಪ್ರಯೋಗಾಲಯಗಳಲ್ಲಿ ಆ ಕಿಣ್ವ ಇಂದಿಗೂ ನಿತ್ಯದ ಬಳಕೆಯಲ್ಲಿದೆ.

ಮರಳಿ ಕ್ಯಾನ್ಸರ್ ಕಡೆಗೆ

ಮುಂದಿನ ವರ್ಷಗಳಲ್ಲಿ ರೌಸ್ ಪಿತ್ತಕೋಶ, ಯಕೃತ್ತುಗಳ ಬಗ್ಗೆ ಸಂಶೋಧನೆ ನಡೆಸಿದರು. 1915ರಲ್ಲಿ ಮರಿಯನ್ ಡಿಕೇ ಅವರನ್ನು ಮದುವೆಯಾಗಿದ್ದರು, ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು. ಪ್ರಾಯೋಗಿಕ ವೈದ್ಯಶಾಸ್ತ್ರದ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕರಾಗಿ ಸುಮಾರು ಅರ್ಧ ಶತಮಾನ ಕಾಲ ದುಡಿದರು.

1933ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಕಾಡುಮೊಲಗಳ ಮೈಮೇಲೆ ಏಳುವ ಗಂಟುಗಳಿಗೆ ವೈರಸ್ ಕಾರಣವೆಂದು ಕಂಡುಹಿಡಿದರು. ಹೆಚ್ಚಿನ ಅಧ್ಯಯನಕ್ಕಾಗಿ ಆ ವೈರಸನ್ನು ಅವರು ರೌಸ್ ಅವರ ಕೈಗೊಪ್ಪಿಸಿದರು. ಹದಿನೆಂಟು ವರ್ಷಗಳ ನಂತರ ರೌಸ್ ತಮ್ಮ ಹಳೆಯ ಪ್ರಶ್ನೆಗೆ ಮರಳಿದರು. ಸಾಕುಮೊಲಗಳಲ್ಲಿ ಆ ಗಂಟುಗಳು ಕ್ರಮೇಣ ಕ್ಯಾನ್ಸರ್ ಆಗಿ ತಿರುಗುವುದನ್ನು ತೋರಿಸಿದರು. ಮೊಲ ಸ್ತನಿ ಪ್ರಾಣಿ. ಕೋಳಿಯ ನೆಪ ಹೇಳಿ ತಳ್ಳಿಹಾಕಲು ಇನ್ನು ಸಾಧ್ಯವಿರಲಿಲ್ಲ.

ಈ ಕೆಲಸದಿಂದ ಇನ್ನೊಂದು ತಿಳಿವಳಿಕೆಯೂ ಬಂತು. ಕ್ಯಾನ್ಸರ್ ಒಂದೇಟಿಗೆ ಆಗುವುದಲ್ಲ. ಮೊದಲ ಹಂತದಲ್ಲಿ ಜೀವಕೋಶದಲ್ಲಿ ಏನೋ ಬದಲಾವಣೆಯಾಗಿ ಅದು ಮಲಗಿರುತ್ತದೆ, ಎರಡನೆಯ ಹಂತದಲ್ಲಿ ಬೇರೊಂದು ಪ್ರಚೋದನೆ ಸಿಕ್ಕಿ ಅದು ಗಡ್ಡೆಯಾಗಿ ಬೆಳೆಯುತ್ತದೆ. 1940ರ ದಶಕದಲ್ಲಿ ರೌಸ್ ಮತ್ತು ಸಂಗಡಿಗರು ಈ ಎರಡು ಹಂತಗಳಿಗೆ ಇಟ್ಟ ಆರಂಭ ಮತ್ತು ಪ್ರಚೋದನೆ ಎಂಬ ಅರ್ಥದ ಹೆಸರುಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ.

ಮೊಲದ ಈ ವೈರಸ್ಸಿನ ಬಳಗಕ್ಕೆ ಸೇರಿದ ಮನುಷ್ಯರ ಪ್ಯಾಪಿಲೋಮಾ ವೈರಸ್ಸೇ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವೆಂದು ಮುಂದೆ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಡೆದರು. ಆ ವೈರಸ್ಸಿಗೆ 2006ರಿಂದ ಲಸಿಕೆ ಲಭ್ಯವಿದೆ.

ತಡವಾಗಿ ಬಂದ ಗೌರವ

ರೌಸ್ ಅವರ ಹೆಸರು 1926ರಲ್ಲಿಯೇ ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತು. ಆದರೆ ಆ ವರ್ಷದ ಪ್ರಶಸ್ತಿ ಸಂದದ್ದು ಡೆನ್ಮಾರ್ಕ್‌ನ ಯೋಹಾನೆಸ್ ಫಿಬಿಗರ್ ಅವರಿಗೆ. ಒಂದು ಬಗೆಯ ಹುಳುವಿನಿಂದ ಇಲಿಗಳ ಹೊಟ್ಟೆಯಲ್ಲಿ ಕ್ಯಾನ್ಸರ್ ಆಗುತ್ತದೆ ಎಂಬುದು ಅವರ ವಾದ. ಅದು ತಪ್ಪೆಂದು ನಂತರ ಸಾಬೀತಾಯಿತು. ನಿಲ್ಲದ ಸಂಶೋಧನೆಗೆ ಮನ್ನಣೆ ದೊರೆತು, ನಿಲ್ಲುವ ಸಂಶೋಧನೆ ಕಾಯಬೇಕಾಯಿತು. ಮತ್ತೆ ಮತ್ತೆ ಹೆಸರು ಸೂಚಿತವಾದರೂ ದಶಕಗಳು ಕಳೆದವು. 1963ರಲ್ಲಿ ರೌಸ್ ಅವರ ಅಳಿಯ, ಇಂಗ್ಲೆಂಡಿನ ಅಲನ್ ಹಾಜ್ಕಿನ್ ಅವರಿಗೆ ನರಗಳ ಕುರಿತ ಸಂಶೋಧನೆಗಾಗಿ ನೊಬೆಲ್ ಬಂತು. ಮಾವನಿಗೆ ಇನ್ನೂ ಬಂದಿರಲಿಲ್ಲ!

ಕೊನೆಗೆ 1966ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಪೇಟನ್ ರೌಸ್ ವೈದ್ಯಕೀಯ ನೊಬೆಲ್ ಸ್ವೀಕರಿಸಿದರು. ವೈದ್ಯಕೀಯ ವಿಭಾಗದಲ್ಲಿ ಅಷ್ಟು ಇಳಿವಯಸ್ಸಿನಲ್ಲಿ ಪ್ರಶಸ್ತಿ ಪಡೆದ ಉದಾಹರಣೆಗಳು ತೀರಾ ವಿರಳ. ಅವರೊಂದಿಗೆ ಅದನ್ನು ಹಂಚಿಕೊಂಡವರು ಚಾರ್ಲ್ಸ್ ಹಗಿನ್ಸ್. ಹಾರ್ಮೋನುಗಳನ್ನು ನಿಯಂತ್ರಿಸುವ ಮೂಲಕ ಪ್ರಾಸ್ಟೇಟ್ ಕ್ಯಾನ್ಸರನ್ನು ಹತೋಟಿಗೆ ತರಬಹುದೆಂದು ತೋರಿಸಿದವರು ಅವರು. ದೇಹದ ಬೆಳವಣಿಗೆಯ ಸಂದೇಶಗಳಿಗೂ ಕ್ಯಾನ್ಸರ್‌ಗೂ ನಂಟಿದೆ ಎಂಬುದು ಅವರ ಕೆಲಸದಲ್ಲಿಯೂ ಕಂಡಿತ್ತು.

ರೌಸ್ ಅವರು 1945ರಲ್ಲಿಯೇ ನಿವೃತ್ತರಾಗಿದ್ದರೂ ಪ್ರಯೋಗಾಲಯಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. 1970ರ ಫೆಬ್ರವರಿ 16ರಂದು ನ್ಯೂಯಾರ್ಕ್‌ನಲ್ಲಿ ಅವರು ನಿಧನರಾದರು. ಅವರನ್ನು ಬಲಿ ತೆಗೆದುಕೊಂಡದ್ದು ಕೂಡ ಕ್ಯಾನ್ಸರ್ರೇ, ಉದರದ ಕ್ಯಾನ್ಸರ್.

ಅವರು ಒಪ್ಪದ ಮಾತು

ರೌಸ್ ಅವರ ಜೀವನದಲ್ಲಿ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ಜೀವಕೋಶದ ಸ್ವಂತ ಜೀನ್‌ಗಳಲ್ಲಾಗುವ ಬದಲಾವಣೆಯಿಂದ ಕ್ಯಾನ್ಸರ್ ಹುಟ್ಟುತ್ತದೆ ಎಂಬ ಅಭಿಪ್ರಾಯ ಅವರ ಕಾಲದಲ್ಲಿ ಬಲವಾಗಿತ್ತು. ರೌಸ್ ಅದನ್ನು ಒಪ್ಪಲಿಲ್ಲ. ಆ ನಂಬಿಕೆ ಸಂಶೋಧಕರನ್ನು ನಿರಾಶರನ್ನಾಗಿಸಿ ಬೇರೆ ಕಾರಣಗಳನ್ನು ಹುಡುಕದಂತೆ ಮಾಡುತ್ತದೆಂಬುದು ಅವರ ಆತಂಕ. ನೊಬೆಲ್ ಉಪನ್ಯಾಸದಲ್ಲಿಯೂ ಅವರು ಅದರ ವಿರುದ್ಧವೇ ವಾದಿಸಿದರು. ಅವರ ವೈರಸ್ಸಿನಿಂದಲೇ ಅವರ ಆ ವಾದ ಬಿದ್ದುಹೋದದ್ದು ವಿಜ್ಞಾನದ ಸೋಜಿಗಗಳಲ್ಲಿ ಒಂದು.

ಅವರು ತೀರಿಕೊಂಡ 1970ರಲ್ಲಿಯೇ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ಇಬ್ಬರು, ಇಂಥ ವೈರಸ್ಸುಗಳು ತಮ್ಮ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸುವ ಕಿಣ್ವವನ್ನು ಹೊಂದಿವೆಯೆಂದು ಬೇರೆ ಬೇರೆಯಾಗಿ ಕಂಡುಹಿಡಿದರು. ಟೆಮಿನ್ ಬಳಸಿದ್ದು ರೌಸ್ ವೈರಸ್ಸನ್ನೇ. ಅದೇ ವೈರಸ್ಸಿನಲ್ಲಿ ಕ್ಯಾನ್ಸರ್‌ಗೆ ಕಾರಣವಾಗುವುದು ಒಂದೇ ಒಂದು ಜೀನ್ ಎಂಬುದೂ ತಿಳಿಯಿತು. ಆ ಜೀನ್ ಕೆಟ್ಟರೆ ವೈರಸ್ ವೃದ್ಧಿಯಾಗುತ್ತದೆ, ಆದರೆ ಕ್ಯಾನ್ಸರ್ ಆಗುವುದಿಲ್ಲ. ಅದಕ್ಕೆ ಸಾರ್ಕ್ ಎಂದು ಹೆಸರಿಟ್ಟರು.

1976ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಬೆರಗು ಹುಟ್ಟಿಸುವ ವಿಷಯ ಪ್ರಕಟಿಸಿದರು. ಸಾರ್ಕ್ ಮೂಲತಃ ವೈರಸ್ಸಿನ ಜೀನೇ ಅಲ್ಲ! ಆರೋಗ್ಯವಂತ ಕೋಳಿಯ ಜೀವಕೋಶಗಳಲ್ಲಿಯೂ, ಬೇರೆ ಪಕ್ಷಿಗಳಲ್ಲಿಯೂ ಅದು ಇದೆ. ಮನುಷ್ಯರಲ್ಲಿಯೂ ಇದೆಯೆಂದು ನಂತರ ತಿಳಿಯಿತು. ವೈರಸ್ ಎಂದೋ ಅದನ್ನು ಕೋಳಿಯಿಂದ ಎತ್ತಿಕೊಂಡು, ಕೆಡಿಸಿ, ಹೊತ್ತು ತಿರುಗುತ್ತಿತ್ತು. ಅಂದರೆ ಕ್ಯಾನ್ಸರ್‌ನ ಬೀಜ ನಮ್ಮದೇ ಜೀವಕೋಶದ ಒಳ್ಳೆಯ ಜೀನ್‌ಗಳಲ್ಲಿದೆ, ಅವು ಕೆಟ್ಟಾಗ ಮಾತ್ರ ಅಪಾಯ. ಈ ಸಂಶೋಧನೆಗೆ 1989ರ ನೊಬೆಲ್ ಸಂದಿತು.

ಬೆಳವಣಿಗೆಯ ಕರೆಗಂಟೆ

ಹಾಗಾದರೆ ಈ ಜೀನ್‌ಗಳ ನಿತ್ಯದ ಕೆಲಸವೇನು? ಸಾರ್ಕ್ ಪ್ರೋಟೀನ್ ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಎಂಬ ಪುಟ್ಟ ಗುರುತನ್ನು ಅಂಟಿಸುತ್ತದೆಂದು 1978ರಲ್ಲಿ ಗೊತ್ತಾಯಿತು. ಅದು ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟುತ್ತದೆಂದು ತೋರಿಸಿದವರು ಟೋನಿ ಹಂಟರ್ ಮತ್ತು ಬಾರ್ಥೊಲೊಮ್ಯೂ ಸೆಫ್ಟನ್. 1980ರಲ್ಲಿ ಸ್ಟಾನ್ಲಿ ಕೊಹೆನ್ ಅವರ ಪ್ರಯೋಗಾಲಯದಿಂದ ಬಂದ ಸುದ್ದಿ ಕೊಂಡಿಯನ್ನು ಜೋಡಿಸಿತು. ಕೊಹೆನ್ ಅವರು ಬಹಳ ಹಿಂದೆ ಇಲಿಯ ಜೊಲ್ಲುಗ್ರಂಥಿಯಲ್ಲಿ ಒಂದು ಪ್ರೋಟೀನ್ ಕಂಡುಹಿಡಿದಿದ್ದರು. ಅದನ್ನು ಕೊಟ್ಟರೆ ಇಲಿಮರಿಗಳ ಕಣ್ಣು ಬೇಗ ತೆರೆಯುತ್ತಿದ್ದವು. ಚರ್ಮದ ಕೋಶಗಳನ್ನು ಬೆಳೆಸುವ ಆ ಪ್ರೋಟೀನನ್ನು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು ಹಿಡಿದುಕೊಳ್ಳುವ ಗ್ರಾಹಿಯೂ ಸಾರ್ಕ್‌ನಂತೆಯೇ ಟೈರೋಸಿನ್‌ಗೆ ಗುರುತು ಅಂಟಿಸುತ್ತದೆಂದು ಈಗ ತಿಳಿಯಿತು. ಕೊಹೆನ್ ಅವರಿಗೆ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ 1986ರಲ್ಲಿ ನೊಬೆಲ್ ಬಂತು.

ಗ್ರಾಹಿಯನ್ನು ಮನೆ ಬಾಗಿಲಿನ ಕರೆಗಂಟೆಗೆ ಹೋಲಿಸಬಹುದು. ಒತ್ತುವ ಗುಂಡಿ ಹೊರಗೆ, ಶಬ್ದವಾಗುವುದು ಒಳಗೆ. ಗ್ರಾಹಿಯ ಒಂದು ತುದಿ ಜೀವಕೋಶದ ಹೊರಗಿರುತ್ತದೆ, ನಡುಭಾಗ ಪೊರೆಯನ್ನು ಹಾದುಹೋಗುತ್ತದೆ, ಇನ್ನೊಂದು ತುದಿ ಒಳಗಿರುತ್ತದೆ. ಗ್ರೋತ್ ಫ್ಯಾಕ್ಟರ್ ಬಂದು ಹೊರತುದಿಗೆ ಕೂತಾಗ ಎರಡು ಗ್ರಾಹಿಗಳು ಜೊತೆಗೂಡುತ್ತವೆ. ಒಳತುದಿಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಅಲ್ಲಿಂದ ಸಂದೇಶ ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟುತ್ತ ಕೋಶಕೇಂದ್ರ ತಲುಪುತ್ತದೆ, ಜೀವಕೋಶ ವಿಭಜನೆಯಾಗುತ್ತದೆ. ಗಾಯ ಮಾಯುವುದು, ಮಗು ಬೆಳೆಯುವುದು ಇಂಥ ಸಂದೇಶಗಳಿಂದಲೇ. ಕೆಲಸ ಮುಗಿದೊಡನೆ ಗಂಟೆ ನಿಲ್ಲಬೇಕು.

ನಿಲ್ಲದಿದ್ದರೆ? 1984ರಲ್ಲಿ, ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಇನ್ನೊಂದು ವೈರಸ್ಸಿನ ಜೀನ್ ಈ ಗ್ರಾಹಿಯದೇ ಕತ್ತರಿಸಿದ ರೂಪವೆಂದು ತಿಳಿದುಬಂತು. ಹೊರಗಿನ ಗುಂಡಿಯೇ ಇಲ್ಲದ ಕರೆಗಂಟೆ ಅದು, ಯಾರೂ ಒತ್ತದೆಯೇ ಒಂದೇ ಸಮನೆ ಬಾರಿಸುತ್ತಿರುತ್ತದೆ. ರೌಸ್ ಅವರ ಹೇಂಟೆಯಿಂದ ಹೊರಟ ದಾರಿ ಹೀಗೆ ಗ್ರಾಹಿಯ ಬಳಿ ಬಂದು ನಿಂತಿತು.

ಔಷಧದವರೆಗೆ

ಮನುಷ್ಯರ ಕ್ಯಾನ್ಸರ್‌ನಲ್ಲಿ ಗ್ರಾಹಿಗಳು ಎರಡು ಮುಖ್ಯ ಬಗೆಯಲ್ಲಿ ಕೆಡುತ್ತವೆ. ಒಂದು, ಗ್ರಾಹಿಯ ಜೀನ್‌ನಲ್ಲಿ ದೋಷ ಬಂದು ಅದು ತಾನಾಗಿಯೇ ಕೆಲಸ ಮಾಡುತ್ತದೆ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಹೀಗಾಗುತ್ತದೆ. ಎರಡು, ಗ್ರಾಹಿಯ ಜೀನ್ ಹಲವು ಪ್ರತಿಗಳಾಗಿ ಹೆಚ್ಚಿ, ಜೀವಕೋಶದ ಮೇಲೆ ಗ್ರಾಹಿಗಳು ಕಿಕ್ಕಿರಿಯುತ್ತವೆ. ಹರ್-2 ಎಂಬ ಗ್ರಾಹಿ ಇದಕ್ಕೆ ಉದಾಹರಣೆ. 1987ರಲ್ಲಿ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು, ಸ್ತನ ಕ್ಯಾನ್ಸರ್‌ನಲ್ಲಿ ಹರ್-2 ಜೀನ್ ಹೀಗೆ ಹೆಚ್ಚಿದ್ದರೆ ರೋಗ ಬೇಗ ಮರುಕಳಿಸುತ್ತದೆಂದು ತೋರಿಸಿದರು. ಸ್ತನ ಕ್ಯಾನ್ಸರ್ ಪೀಡಿತರಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಲ್ಲಿ ಈ ಸ್ಥಿತಿಯಿರುತ್ತದೆ.

ದೋಷ ಎಲ್ಲಿದೆಯೆಂದು ತಿಳಿದರೆ ಅದನ್ನೇ ಗುರಿ ಮಾಡಬಹುದಲ್ಲವೇ? ಹರ್-2 ಗ್ರಾಹಿಯ ಹೊರತುದಿಗೆ ಅಂಟಿಕೊಳ್ಳುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಗ್ರಾಹಿಯ ಒಳತುದಿಯನ್ನು ತಡೆಯುವ ಜೆಫಿಟಿನಿಬ್ ಎಂಬ ಮಾತ್ರೆ 2003ರಲ್ಲಿ ಅಲ್ಲಿ ಬಂತು. ಅದು ಯಾರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಗುಟ್ಟು ಗ್ರಾಹಿಯ ಜೀನ್‌ನಲ್ಲಿಯೇ ಇದೆಯೆಂದು 2004ರಲ್ಲಿ ಗೊತ್ತಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಟ್ರಾಸ್ಟುಜುಮಾಬ್‌ಗೆ ಸಮಾನವಾದ ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಅದಕ್ಕೆ 2017ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ಈ ಔಷಧಗಳಿಂದ ಎಲ್ಲವೂ ಮುಗಿದಂತೆ ಎಂದು ಯಾರೂ ತಿಳಿಯಬಾರದು. ಟ್ರಾಸ್ಟುಜುಮಾಬ್ ಕೆಲವರ ಹೃದಯದ ಮೇಲೆ ಪರಿಣಾಮ ಬೀರುತ್ತದೆ, ಅದಕ್ಕಾಗಿ ವೈದ್ಯರು ಆಗಾಗ ಹೃದಯ ಪರೀಕ್ಷೆ ಮಾಡಿಸುತ್ತಾರೆ. ಮಾತ್ರೆಗಳಿಗೆ ಕ್ಯಾನ್ಸರ್ ಕೋಶಗಳು ಕಾಲಕ್ರಮೇಣ ಜಗ್ಗದಂತಾಗುತ್ತವೆ, ಆಗ ಇನ್ನೊಂದು ಔಷಧ ಹುಡುಕಬೇಕಾಗುತ್ತದೆ. ಬೆಲೆಯೂ ಬಡವರಿಗೆ ಭಾರವೇ. ಆದರೂ ಒಂದು ಕಾಲದಲ್ಲಿ ಬೇಗನೆ ಸಾವು ತರುತ್ತಿದ್ದ ಹರ್-2 ಬಗೆಯ ಸ್ತನ ಕ್ಯಾನ್ಸರ್‌ನಿಂದ ಇಂದು ಎಷ್ಟೋ ತಾಯಂದಿರು ಪಾರಾಗಿ ಮಕ್ಕಳೊಂದಿಗೆ ಬದುಕುತ್ತಿದ್ದಾರೆ.

ವಿದ್ಯಾರ್ಥಿಗಳಿಗೆ

ಪೇಟನ್ ರೌಸ್ ಅವರ ಬದುಕಿನಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ್ದು ನೊಬೆಲ್ ಪ್ರಶಸ್ತಿ ಮಾತ್ರವಲ್ಲ. ತಂದೆಯಿಲ್ಲದ ಬಾಲಕ ಓದಿದ. ಕಾಯಿಲೆಯಿಂದ ಒಂದು ವರ್ಷ ಕಳೆದುಕೊಂಡವನು ಓದು ಬಿಡಲಿಲ್ಲ. ಮೆಚ್ಚುಗೆ ಸಿಗದ ಕೆಲಸವನ್ನು ಬದಿಗಿಟ್ಟಾಗಲೂ ಕೈಕಟ್ಟಿ ಕೂರದೆ ರಕ್ತ ಕಾಪಾಡುವ ದಾರಿ ಹುಡುಕಿದರು. ಅವಕಾಶ ಬಂದಾಗ ಹಳೆಯ ಪ್ರಶ್ನೆಗೆ ಮರಳಿದರು.

ಇನ್ನೊಂದು ವಿಚಾರವೂ ಇದೆ. ರೌಸ್ ಅವರ ಅಭಿಪ್ರಾಯ ಒಂದು ಮುಖ್ಯ ವಿಷಯದಲ್ಲಿ ತಪ್ಪಾಗಿತ್ತು, ಆದರೆ ಅವರ ಪ್ರಯೋಗದಲ್ಲಿ ತಪ್ಪಿರಲಿಲ್ಲ. 1911ರಲ್ಲಿ ಅವರು ತಾವು ಕಂಡದ್ದನ್ನಷ್ಟೇ, ಕಂಡಷ್ಟನ್ನೇ ಬರೆದರು. ಆದ್ದರಿಂದ ಅರವತ್ತು ವರ್ಷಗಳ ನಂತರ ಬಂದವರು ಅದೇ ವೈರಸ್ಸನ್ನು ನಂಬಿ ಮುಂದಕ್ಕೆ ಹೋಗಲು ಸಾಧ್ಯವಾಯಿತು. ಪ್ರಾಯೋಗಿಕ ತರಗತಿಯಲ್ಲಿ ಉತ್ತರ ಸರಿಹೊಂದಿಸಲು ಅಂಕಿಗಳನ್ನು ತಿದ್ದುವ ಆಸೆ ಹುಟ್ಟಿದಾಗ ವಿದ್ಯಾರ್ಥಿಗಳು ಇದನ್ನು ನೆನಪಿಸಿಕೊಳ್ಳಬೇಕು. ತಂದೆಯನ್ನು ಕಳೆದುಕೊಂಡ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅವರ ಓದು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ತಾಯಂದಿರದು ಮಾತ್ರವಲ್ಲ, ನಮ್ಮೆಲ್ಲರದು.